ಮದುವೆಗೆ ಫೋಟೊದವರು ಎಷ್ಟು ಹೊತ್ತು ಇರಬೇಕು?

ಪ್ರಶ್ನೆ: ನಾವು ರಾಮನಗರದವರು. ಬರುವ ವೈಶಾಖದಲ್ಲಿ ನನ್ನ ಮಗಳ ಮದುವೆ. ಚನ್ನಪಟ್ಟಣದ ಹತ್ತಿರ ಕಲ್ಯಾಣ ಮಂಟಪ ಗೊತ್ತು ಮಾಡಿದ್ದೇವೆ. ಗಂಡಿನ ಕಡೆಯವರು ಕನಕಪುರ ತಾಲ್ಲೂಕಿನವರು. ಹಿಂದಿನ ದಿನ ಸಂಜೆ ವರಪೂಜೆ ಮತ್ತು ಆರತಕ್ಷತೆ. ಮಾರನೇ ಬೆಳಿಗ್ಗೆ 8.20ರಿಂದ 9.45ರವರೆಗೆ ಸಲ್ಲುವ ಮಿಥುನ ಲಗ್ನದಲ್ಲಿ ಮುಹೂರ್ತ. ಫೋಟೊದವರು ಮೂರು ಥರದ ಲೆಕ್ಕ ಕೊಟ್ಟಿದ್ದಾರೆ. ಮುಹೂರ್ತಕ್ಕೆ ಮಾತ್ರ ನಾಲ್ಕು ಗಂಟೆ. ಅಥವಾ ಹಿಂದಿನ ಸಂಜೆಯಿಂದ ಮಾರನೇ ಮಧ್ಯಾಹ್ನದವರೆಗೆ. ಅಥವಾ ಮನೆಯ ಅರಿಶಿನ ಶಾಸ್ತ್ರ, ಬೆಟ್ಟದ ಮೇಲೆ ಜೋಡಿ ಫೋಟೊ, ಡ್ರೋನ್ ಎಲ್ಲ ಸೇರಿ ಮೂರು ದಿನ. ಮಗಳು ಮೂರನೆಯದು ಬೇಕು ಅಂತಾಳೆ, ನಮ್ಮಣ್ಣ ಮೊದಲನೆಯದೇ ಸಾಕು ಅಂತಾನೆ. ಮುಹೂರ್ತಕ್ಕೆ ಮುಂಚೆ ಮುಕ್ಕಾಲು ಗಂಟೆ ಗಂಡು ಹೆಣ್ಣನ್ನು ಬಿಟ್ಟುಕೊಡಿ, ಬೆಳಕು ಚೆನ್ನಾಗಿರುತ್ತೆ ಅಂತಲೂ ಫೋಟೊದವರು ಕೇಳಿದ್ದಾರೆ. ಶಾಸ್ತ್ರದ ಪ್ರಕಾರ ಯಾವ ಕಾರ್ಯದ ಫೋಟೊ ತೆಗೆಸಬಹುದು, ಯಾವುದು ಬೇಡ? ಎಷ್ಟು ಹೊತ್ತಿಗೆ ಹೇಳಬೇಕು? ನಮ್ಮ ಯಜಮಾನರು ಹೋಗಿ ನಾಲ್ಕು ವರ್ಷವಾಯಿತು. ಧಾರೆಯನ್ನು ಮಾಗಡಿಯಲ್ಲಿರುವ ಅಣ್ಣ ಅತ್ತಿಗೆ ಎರೆಯುತ್ತಾರೆ. ನಾನು ಆ ಹೊತ್ತಿನಲ್ಲಿ ಹೇಗೂ ರೂಮಿನಲ್ಲಿರುತ್ತೇನೆ. ಹಾಗಾಗಿ ಕಡಿಮೆ ಹೊತ್ತೇ ಸಾಕೇನೋ ಅಂತ ನನಗೂ ಅನಿಸುತ್ತೆ. ದಯವಿಟ್ಟು ತಿಳಿಸಿ.

— ಓದುಗರೊಬ್ಬರು, ರಾಮನಗರ

ಉತ್ತರ: ತಾಯಿ, ನೀವು ಕೇಳಿರುವುದು ಗಂಟೆಯ ಲೆಕ್ಕ. ಅದನ್ನು ಹೇಳುತ್ತೇನೆ. ಆದರೆ ಪತ್ರದ ಕೊನೆಗೆ, ಪ್ರಶ್ನೆ ಅಂತ ಕೇಳದೆ, ರೂಮಿನ ಮಾತೊಂದು ಬರೆದಿದ್ದೀರಿ. ಅದಕ್ಕೆ ಉತ್ತರ ಕೊಡದೆ ಈ ಪುಟ ಮುಗಿಸುವ ಹಾಗಿಲ್ಲ. ಮೊದಲು ಲೆಕ್ಕವನ್ನೇ ನೋಡೋಣ.

ಫೋಟೊ ಅನ್ನೋದು ವಿವಾಹದ ಅಂಗವಲ್ಲ. ಮದುವೆಗೆ ಸಾಕ್ಷಿ ಅಗ್ನಿ, ಕರೆದ ದೇವತೆಗಳು, ಬಂದು ಕೂತ ಹಿರಿಯರು. ಯಾವುದೋ ಒಂದು ಶಾಸ್ತ್ರದ ಫೋಟೊ ತಪ್ಪಿತು ಅಂತ ದೋಷ ಬರುವುದಿಲ್ಲ, ಕರೆಂಟು ಹೋಗಿ ಒಂದೂ ಫೋಟೊ ಬರದಿದ್ದರೂ ಮದುವೆ ಮದುವೆಯೇ. ಆದರೆ ಫೋಟೊಗೋಸ್ಕರ ಲಗ್ನ ಮೀರಿಸಿದರೆ ಅದು ನಾವಾಗಿ ತಂದುಕೊಂಡ ಲೋಪ. ಈ ಎರಡು ಮಾತು ಮನಸ್ಸಿನಲ್ಲಿದ್ದರೆ ಮಿಕ್ಕಿದ್ದೆಲ್ಲ ಸುಲಭ.

ಲಗ್ನಪತ್ರಿಕೆಯಲ್ಲಿ 8.20ರಿಂದ 9.45 ಅಂತ ಅಚ್ಚಾಗಿರುವುದರಿಂದ ಸುಮಾರು ಒಂದೂವರೆ ಗಂಟೆ ಇದೆಯಲ್ಲ, ಹತ್ತು ನಿಮಿಷ ಆಚೀಚೆ ಆದರೇನು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಳೆಯ ಲೆಕ್ಕ ಹೀಗಿದೆ: ಒಂದು ಘಳಿಗೆ ಅಂದರೆ 24 ನಿಮಿಷ. ಎರಡು ಘಳಿಗೆ ಸೇರಿದರೆ ಒಂದು ಮುಹೂರ್ತ, 48 ನಿಮಿಷ. ಹಗಲು ರಾತ್ರಿ ಸೇರಿ 30 ಮುಹೂರ್ತ. ಒಂದೊಂದು ಲಗ್ನ ಹೆಚ್ಚು ಕಡಿಮೆ ಎರಡು ಗಂಟೆ ಇರುತ್ತದೆ. ಅದನ್ನು ಒಂಬತ್ತು ನವಾಂಶಗಳಾಗಿ ಒಡೆದರೆ ಒಂದೊಂದಕ್ಕೆ ಹದಿಮೂರು ನಿಮಿಷದ ಆಸುಪಾಸು. ಬಲ್ಲ ಪುರೋಹಿತರು ಮಾಂಗಲ್ಯಧಾರಣೆಗೆ ಈ ಸಣ್ಣ ತುಂಡನ್ನೇ ಆರಿಸಿಟ್ಟಿರುತ್ತಾರೆ. ಪತ್ರಿಕೆಯಲ್ಲಿ ಅದು ಅಚ್ಚಾಗಿರುವುದಿಲ್ಲ. ಅದಕ್ಕೇ ಅವರು ಆಗಾಗ ಗಡಿಯಾರ ನೋಡುತ್ತಾ, ಬೇಗ ಬನ್ನಿ, ಹೆಣ್ಣನ್ನ ಕರ್ಕೊಂಡು ಬನ್ನಿ ಅಂತ ಕೂಗುವುದು. ಸಿಟ್ಟಿನ ಮನುಷ್ಯ ಅಂದುಕೊಳ್ಳಬೇಡಿ. ಫೋಟೊದವರ ‘ಇನ್ನೊಂದು ಹತ್ತೇ ನಿಮಿಷ’ದಲ್ಲಿ ಅವರ ಲೆಕ್ಕವೆಲ್ಲ ಕೊಚ್ಚಿಹೋಗುತ್ತದೆ.

ರಾಮನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯ ಊರು ನಿಮ್ಮದು. ಹುಳ ಹಣ್ಣಾದಾಗ ಚಂದ್ರಿಕೆಗೆ ಬಿಡಲೇಬೇಕು, ನೆಂಟರು ಬಂದಿದ್ದಾರೆ ನಾಳೆ ಬಿಡೋಣ ಅಂದರೆ ಅದು ಎಲ್ಲೆಂದರಲ್ಲಿ ನೂಲು ಬಿಟ್ಟು ಗೂಡು ಕೆಡುತ್ತದೆ. ಲಗ್ನವೂ ಹಾಗೇ. ಆದ್ದರಿಂದ ಮುಹೂರ್ತಕ್ಕೆ ಮುಂಚಿನ ಮುಕ್ಕಾಲು ಗಂಟೆ ಬಿಟ್ಟುಕೊಡಿ ಅನ್ನೋದಕ್ಕೆ ಒಪ್ಪಬೇಡಿ. ಆ ಹೊತ್ತಿನಲ್ಲಿ ಮಗಳು ಗೌರಿಪೂಜೆಗೆ ಕೂತಿರಬೇಕು, ಅಳಿಯ ಹಸೆಯ ಕಡೆ ಹೊರಟಿರಬೇಕು. ಜೋಡಿ ಫೋಟೊ ಬೇಕಾದರೆ ಧಾರೆ, ಹೋಮ ಎಲ್ಲ ಮುಗಿದ ಮೇಲೆ, ಊಟಕ್ಕೆ ಮುಂಚೆ ಅರ್ಧ ಗಂಟೆ ಕೊಡಿ. ಮೈಮೇಲೆ ಧಾರೆ ಸೀರೆ, ಕೊರಳಲ್ಲಿ ತಾಳಿ, ಹಣೆಯಲ್ಲಿ ಬಾಸಿಂಗ, ಕೈಯಲ್ಲಿ ಕಂಕಣ ಎಲ್ಲ ಇರುತ್ತದೆ. ಆಗ ತೆಗೆದ ಫೋಟೊದಲ್ಲಿ ಅವರು ನಿಜವಾಗಲೂ ಗಂಡ ಹೆಂಡತಿ.

ಇಲ್ಲಿ ಒಂದು ಮಾತು. ಹಿಂದಿನ ಸಂಜೆಯೇ ಅಕ್ಕಪಕ್ಕ ನಿಂತು ಊರಿನವರ ಜೊತೆಯೆಲ್ಲ ಫೋಟೊ ತೆಗೆಸಿಕೊಂಡವರಿಗೆ ಮಾರನೇ ಬೆಳಿಗ್ಗೆ ಅಂತರಪಟ ಯಾಕೆ ಸ್ವಾಮಿ ಅಂತ ನನ್ನನ್ನು ಕೇಳುವವರಿದ್ದಾರೆ. ಕೇಳಬೇಕಾದ್ದೇ. ಕ್ರಮವಾಗಿ ನೋಡಿದರೆ ಆರತಕ್ಷತೆ ಮದುವೆ ಆದ ಮೇಲಿನದು. ಕೆಲಸಕ್ಕೆ ಹೋಗುವವರು ಸಂಜೆ ಬರಲಿ ಅಂತ, ಮಂಟಪದ ಬಾಡಿಗೆಯ ದಿನಕ್ಕೆ ಸರಿಹೋಗಲಿ ಅಂತ ನಮ್ಮ ಹಳೇ ಮೈಸೂರು ಕಡೆ ಅದು ಹಿಂದಿನ ಸಂಜೆಗೆ ಬಂದು ಕೂತಿದೆ. ಅದನ್ನು ಈಗ ಜಗಳ ಮಾಡಿ ಬದಲಾಯಿಸಿ ಅಂತ ನಾನು ಹೇಳುವುದಿಲ್ಲ. ಆದರೆ ಆ ಸಂಜೆ ವೇದಿಕೆಯಲ್ಲಿ ‘ಹಾರ ಬದಲಾಯಿಸಿ, ಒಂದು ಶಾಟ್ ತಗೋತೀವಿ’ ಅಂದರೆ ಬೇಡ ಅನ್ನಿ. ಮಾಲೆ ಹಾಕುವುದು ಬೆಳಗಿನ ವಿಧಿಗೆ ಸೇರಿದ್ದು, ಅದನ್ನು ಸಂಜೆಯೇ ಆಟದ ಹಾಗೆ ಮುಗಿಸಬಾರದು.

ಇನ್ನು ಕ್ಯಾಮೆರಾ ಎಲ್ಲಿ ಅಡ್ಡ ಬರುತ್ತದೆ ಅನ್ನೋದು. ಅಂತರಪಟ ಸರಿಸಿದಾಗ, ಜೀರಿಗೆ ಬೆಲ್ಲ ತಲೆಯ ಮೇಲೆ ಇಟ್ಟ ಕ್ಷಣ, ವಧೂವರರು ಒಬ್ಬರನ್ನೊಬ್ಬರು ನೋಡಬೇಕು. ಪರಸ್ಪರ ನಿರೀಕ್ಷಣೆ ಅಂತಲೇ ಅದಕ್ಕೆ ಹೆಸರು. ಆ ನೋಟವೇ ಅಲ್ಲಿನ ವಿಧಿ. ನಾನು ನೋಡಿದ ಮದುವೆಗಳಲ್ಲಿ ಸರಿಯಾಗಿ ಅದೇ ಹೊತ್ತಿಗೆ ‘ಸಾರ್ ಇಲ್ಲಿ ನೋಡಿ, ಮೇಡಂ ಇಲ್ಲಿ ನೋಡಿ’ ಅಂತ ಕೂಗು ಬೀಳುತ್ತದೆ, ಪಾಪ ಇಬ್ಬರೂ ಮೂರನೆಯವರನ್ನು ನೋಡಿ ನಗುತ್ತಾರೆ. ತಾಳಿ ಕಟ್ಟುವಾಗ ಎರಡನೇ ಗಂಟಿನಲ್ಲಿ ಹಾಗೇ ಹಿಡ್ಕೊಳ್ಳಿ ಅನ್ನುವುದು, ಸರಿಯಾಗಿ ಬರಲಿಲ್ಲ ಇನ್ನೊಂದು ಸಲ ಕಟ್ಟಿದ ಹಾಗೆ ಮಾಡಿ ಅನ್ನುವುದು ಇದೆಯಲ್ಲ, ಅದು ಕೂಡದು. ಕಟ್ಟಿದ ಮಾಂಗಲ್ಯದ ಗಂಟಿಗೆ ಅಭಿನಯಕ್ಕಾಗಿ ಕೈ ಹಾಕಬಾರದು. ಗಟ್ಟಿಮೇಳ ಬಾರಿಸುವುದೇ ಅಪಶಬ್ದ ಕಿವಿಗೆ ಬೀಳದಿರಲಿ ಅಂತ, ಅದರ ನಡುವೆ ‘ಕಟ್, ಒನ್ ಮೋರ್’ ಕೇಳಿಸಿದರೆ ಚೆನ್ನಾಗಿರುತ್ತದೆಯೇ?

ನಿಮಗೆ ಗೊತ್ತಿರಲಿ ಅಂತ ಹೇಳುತ್ತೇನೆ, ಈ ತಪ್ಪು ಬರಿ ಫೋಟೊದವರದ್ದಲ್ಲ. ಮುಂಗಡ ಕೊಡುವ ದಿನ ನಾವು ಗಂಟೆ, ಆಲ್ಬಮ್ ಹಾಳೆ, ಪೆನ್ ಡ್ರೈವ್ ಎಲ್ಲ ಮಾತಾಡುತ್ತೇವೆ, ಯಾವ ಹೊತ್ತಿನಲ್ಲಿ ಸುಮ್ಮನಿರಬೇಕು ಅಂತ ಒಬ್ಬರೂ ಹೇಳಿರುವುದಿಲ್ಲ. ಹೇಳಿದರೆ ಕೇಳುತ್ತಾರೆ. ಹಿಂದಿನ ಸಂಜೆಯೇ ಪುರೋಹಿತರನ್ನೂ ಅವರನ್ನೂ ಎದುರು ಬದುರು ಕೂರಿಸಿ ಐದು ನಿಮಿಷ ಮಾತಾಡಿಸಿ. ಯಾವಾಗ ಏಳುತ್ತೀರಿ, ಹೊಗೆ ಯಾವ ಕಡೆ ಬರುತ್ತೆ, ನಾನು ಎಲ್ಲಿ ನಿಲ್ಲಲಿ ಅಂತ ಅವರೇ ಕೇಳಿಕೊಳ್ಳುತ್ತಾರೆ. ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ 36 ಫೋಟೊ. ಆಗ ಫೋಟೊದವರು ಪುರೋಹಿತರ ಬಾಯನ್ನೇ ನೋಡುತ್ತಾ ನಿಂತಿರುತ್ತಿದ್ದರು, ಯಾಕೆಂದರೆ ಒಂದು ಕ್ಲಿಕ್ ತಪ್ಪಿದರೆ ದುಡ್ಡು ಹೋದ ಹಾಗೆ. ಈಗ ಸಾವಿರಗಟ್ಟಲೆ ತೆಗೆಯಬಹುದು, ಕಾಯುವ ಅಭ್ಯಾಸ ತಪ್ಪಿದೆ, ಅಷ್ಟೇ.

ಇನ್ನು ನಾಲ್ಕು ಗಂಟೆ ಸಾಕೇ ಅನ್ನೋದು. ಸಾಲದು. ನಿಮ್ಮಣ್ಣ ಖರ್ಚು ನೋಡಿ ಹೇಳಿದ್ದಾರೆ, ತಪ್ಪಲ್ಲ. ಆದರೆ ನಾಲ್ಕು ಗಂಟೆ ಅಂದರೆ ಅವರು ಏಳಕ್ಕೆ ಬಂದು ಹನ್ನೊಂದಕ್ಕೆ ಕ್ಯಾಮೆರಾ ಚೀಲಕ್ಕೆ ಹಾಕುತ್ತಾರೆ. ಬೆಳಿಗ್ಗೆ ಆರರ ಹೊತ್ತಿಗೆ ಕಾಶಿಯಾತ್ರೆ ಶುರು. ಏಳಕ್ಕೆ ಗೌರಿಪೂಜೆ. 8.20ರ ಮೇಲೆ ಅಂತರಪಟ, ಮಾಂಗಲ್ಯಧಾರಣೆ. ಧಾರೆ ಕೆಲವು ಮನೆಗಳಲ್ಲಿ ತಾಳಿಗೆ ಮುಂಚೆ, ಕೆಲವು ಮನೆಗಳಲ್ಲಿ ಆಮೇಲೆ. ನೆಂಟರೆಲ್ಲ ಸಾಲಾಗಿ ಬಂದು ಹಾಲು ಎರೆಯುವುದಕ್ಕೇ ಒಂದು ಗಂಟೆ ಹಿಡಿಯುತ್ತದೆ. ಅದಾದ ಮೇಲೆ ಹೆಣ್ಣಿನ ಸೋದರ ಬೊಗಸೆಗೆ ಅರಳು ತುಂಬುವ ಲಾಜಾಹೋಮ, ಕಲ್ಲು ತುಳಿಸುವ ಶಾಸ್ತ್ರ, ಸಪ್ತಪದಿ. ಆಮೇಲೆ ಊಟ. ಕೊನೆಗೆ ಒಂದೂವರೆ ಎರಡರ ಹೊತ್ತಿಗೆ ಹೆಣ್ಣು ಒಪ್ಪಿಸುವುದು. ನಾಲ್ಕು ಗಂಟೆಯವರನ್ನು ಕರೆಸಿದರೆ ಸಪ್ತಪದಿಯ ಹೊತ್ತಿಗೆ ಅವರು ವೇದಿಕೆ ಫೋಟೊಗೆ ಅವಸರ ಮಾಡುತ್ತಾರೆ, ಹೆಣ್ಣು ಒಪ್ಪಿಸುವ ಹೊತ್ತಿಗೆ ಇರುವುದೇ ಇಲ್ಲ.

ಸಪ್ತಪದಿಯ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ವೇದಿಕೆಯ ಕೆಳಗೆ ಉಡುಗೊರೆ ಹಿಡಿದು ಸಾಲು ನಿಂತಿದೆ, ಬೇಗ ಮುಗಿಸಿ ಸ್ವಾಮಿ ಅಂತ ಪುರೋಹಿತರಿಗೇ ಹೇಳುವ ಯಜಮಾನರನ್ನು ಕಂಡಿದ್ದೇನೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರ, ಸಪ್ತಪದಿ ಇರುವ ಸಂಪ್ರದಾಯದಲ್ಲಿ ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ. 2024ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಇದನ್ನೇ ಇನ್ನಷ್ಟು ಬಿಡಿಸಿ ಹೇಳಿತು. ಹಿಂದೂ ಮದುವೆ ಒಂದು ಸಂಸ್ಕಾರ, ಹಾಡು ಕುಣಿತದ ಸಮಾರಂಭವಲ್ಲ, ವಿಧಿಗಳೇ ನಡೆಯದಿದ್ದರೆ ಬರೀ ನೋಂದಣಿ ಪತ್ರದಿಂದ ಮದುವೆ ಆಗಿಬಿಡುವುದಿಲ್ಲ ಅನ್ನೋದು ಅದರ ತಾತ್ಪರ್ಯ. ಶಾಸ್ತ್ರವೂ ಕೋರ್ಟೂ ಒಂದೇ ಮಾತಾಡುವುದು ಅಪರೂಪ, ಇಲ್ಲಿ ಆಡಿವೆ. ಆಮೇಲೆ ನೋಂದಣಿಗೆ ಹೋದಾಗ ಲಗ್ನಪತ್ರಿಕೆಯ ಜೊತೆ ಮದುವೆಯ ಫೋಟೊವನ್ನೂ ಕೇಳುತ್ತಾರೆ. ಮಾಂಗಲ್ಯಧಾರಣೆಯದೊಂದು, ಸಪ್ತಪದಿಯದೊಂದು ಚೆನ್ನಾಗಿ ಬರಲಿ. ಹಾಗಂತ ಹೆಜ್ಜೆ ಇಡುವಾಗ ನಿಲ್ಲಿಸಬಾರದು. ಏಳು ಹೆಜ್ಜೆ ನಡೆಯಲಿ, ಅವರು ತೆಗೆದುಕೊಳ್ಳಲಿ.

ಹಾಗಾದರೆ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಎಂಟು ಗಂಟೆ. ಹಿಂದಿನ ಸಂಜೆ ವರಪೂಜೆಯಿಂದ ಮೂರು ಗಂಟೆ, ಆರೂವರೆಯಿಂದ ಒಂಬತ್ತೂವರೆ. ಅದಕ್ಕಿಂತ ಹೆಚ್ಚು ಸಂಜೆಗೆ ಬೇಡ. ಒಂದೇ ಥರದ ಫೋಟೊಗಳು, ಇಂಥವರು ಬಂದಿದ್ದರು ಅನ್ನೋದಕ್ಕೆ ಸಾಕ್ಷಿ, ಅಷ್ಟೇ. ಅಂದರೆ ಅವರು ಕೊಟ್ಟ ಎರಡನೇ ಲೆಕ್ಕವೇ ನಿಮಗೆ ಸರಿ. ಅದರ ಜೊತೆಗೆ ಮನೆಯ ಶಾಸ್ತ್ರಕ್ಕೆ ಒಂದೂವರೆ ಗಂಟೆ ಸೇರಿಸಿ ಕೊಡ್ತೀರಾ ಅಂತ ಕೇಳಿ. ಬೆಂಗಳೂರಿನಿಂದ ಬರುವವರಾದರೆ ಹೆದ್ದಾರಿ ನಂಬಿ ಬೆಳಗಿನ ಜಾವ ಹೊರಡುತ್ತೇವೆ ಅನ್ನುತ್ತಾರೆ. ಹಿಂದಿನ ರಾತ್ರಿ ಮಂಟಪದಲ್ಲೇ ಮಲಗಲು ಜಾಗ ಕೊಡಿ, ನಿಮಗೂ ನಿಶ್ಚಿಂತೆ.

ಮನೆಯ ಶಾಸ್ತ್ರಕ್ಕೆ ಯಾಕೆ ಅಂದೆ? ಚಪ್ಪರ ಹಾಕಿದ ದಿನ ನಿಮ್ಮ ಮನೆಯಲ್ಲಿ ನಡೆಯುವುದು ಎಲ್ಲೂ ಕಾಣದ್ದು. ಮಂಟಪದ ವೇದಿಕೆ ನಾಲ್ಕು ತಾಲ್ಲೂಕಿನಲ್ಲೂ ಒಂದೇ ಥರ ಇರುತ್ತದೆ, ಹೂವಿನ ಅಲಂಕಾರ ಮಾತ್ರ ಬೇರೆ. ಆದರೆ ಹಾಲುಗಂಬಕ್ಕೆ ಪೂಜೆ ಮಾಡುವಾಗ ಎದ್ದು ಬರುವ ದೊಡ್ಡಮ್ಮ, ಅರಿಶಿನ ಹಚ್ಚುವಾಗ ಸೋಬಾನೆ ಹೇಳುವ ಅತ್ತೆಯಂದಿರು ಮತ್ತೆ ಸಿಗುವುದಿಲ್ಲ. ಮಂಟಪದವರೆಗೆ ಬರಲಾಗದ ಮುದುಕರು ಯಾರಿದ್ದರೂ ಅವರು ಮನೆಯಲ್ಲೇ ಇರುತ್ತಾರೆ. ಹಿರಿಯರಿಗೆ ಎಡೆ ಇಡುವುದೂ ಅಂದೇ. ಅಲ್ಲಿ ನಿಮ್ಮ ಯಜಮಾನರ ಭಾವಚಿತ್ರ ಇರುತ್ತದೆ, ಮಗಳು ಅದರ ಮುಂದೆ ಬಗ್ಗಿ ನಮಸ್ಕಾರ ಮಾಡುತ್ತಾಳೆ. ಆ ಒಂದು ಫೋಟೊಗೆ ಯಾವ ಡ್ರೋನೂ ಸಮ ಇಲ್ಲ. ಹಣ ಹೊಂದದಿದ್ದರೆ ಮನೆಯ ಹುಡುಗರಲ್ಲಿ ಒಬ್ಬನಿಗೆ ಒಳ್ಳೇ ಫೋನ್ ಕೊಟ್ಟು ಇದೊಂದೇ ನಿನ್ನ ಕೆಲಸ ಅಂತ ಹೇಳಿದರೂ ಸಾಕು.

ಬೇಡದ್ದು ಏನು ಅಂದರೆ, ಮಂಗಳಸ್ನಾನ ಮತ್ತು ಸೀರೆ ಉಡಿಸುವ ಹೊತ್ತಿನಲ್ಲಿ ರೂಮಿಗೆ ಕ್ಯಾಮೆರಾ ಬೇಡ. ಇದಕ್ಕೆ ಶಾಸ್ತ್ರ ಬೇಕಾಗಿಲ್ಲ, ಮರ್ಯಾದೆ ಸಾಕು. ಗೌರಿಪೂಜೆಯಲ್ಲಿ ಒಂದೆರಡು ತೆಗೆದು ಹೊರಗೆ ಬರಲಿ, ಹುಡುಗಿ ಮನಸ್ಸಿಟ್ಟು ಕೂರುವ ಹೊತ್ತು ಅದೊಂದೇ. ಮನೆದೇವರಿಗೆ ಮೊದಲ ಪತ್ರಿಕೆ ಇಡಲು ಹೋಗುತ್ತೀರಿ. ಕಬ್ಬಾಳಿನ ಕಬ್ಬಾಳಮ್ಮನೋ, ಮಾಗಡಿಯ ರಂಗನಾಥನೋ, ಸಾವನದುರ್ಗದ ನರಸಿಂಹನೋ, ಮಳೂರಿನ ಅಪ್ರಮೇಯನೋ, ಯಾವ ದೇವರಾದರೂ ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸಬಾರದು. ಹೊರಗೆ ಪ್ರಾಕಾರದಲ್ಲಿ ಅರ್ಚಕರನ್ನು ಕೇಳಿ ತೆಗೆಸಿಕೊಳ್ಳಿ. ಹಸೆಮಣೆಯ ಹತ್ತಿರ ಚಪ್ಪಲಿ, ಶೂ ಹಾಕಿ ಹತ್ತಬಾರದು ಅಂತ ಮೊದಲೇ ತಿಳಿಸಿ.

ಮಗಳ ಆಸೆಯ ಬೆಟ್ಟದ ಫೋಟೊ. ನಿಶ್ಚಿತಾರ್ಥ ಆದವರು, ಮನೆಯವರು ಜೊತೆಗಿದ್ದು ಎರಡು ಫೋಟೊ ತೆಗೆಸಿಕೊಂಡರೆ ಆಕಾಶವೇನೂ ಬೀಳುವುದಿಲ್ಲ. ಆದರೆ ಅದಕ್ಕೆ ಒಂದು ದಿನದ ದುಡ್ಡು ಸುರಿಯುವುದು ನನಗೆ ಸರಿ ಕಾಣದು. ರಾಮದೇವರ ಬೆಟ್ಟಕ್ಕೇ ಹೋಗುವುದಾದರೆ ಅದು ರಾಮನ ಕ್ಷೇತ್ರ, ಜೊತೆಗೆ 2012ರಿಂದ ರಣಹದ್ದುಗಳ ಅಭಯಾರಣ್ಯ. ಬಂಡೆಯ ಮೇಲೆ ಗೂಡು ಕಟ್ಟುವ ಹಕ್ಕಿಗಳ ನಡುವೆ ಡ್ರೋನ್ ಹಾರಿಸುವುದು ಬೇಡ. ಜಟಾಯುವಿನ ಕಥೆ ಕೇಳಿ ಬೆಳೆದವರು ನಾವು.

ಇನ್ನೊಂದು, ಫೋಟೊದವರನ್ನು ಹೊಟ್ಟೆಗೆ ಇಲ್ಲದೆ ದುಡಿಸಬೇಡಿ. ವಾದ್ಯದವರಿಗೆ, ಅಡುಗೆಯವರಿಗೆ ಹೇಗೋ ಅವರಿಗೂ ಹಾಗೇ. ಕೊನೇ ಪಂಕ್ತಿಯವರೆಗೆ ಕಾಯಿಸದೆ, ಸಪ್ತಪದಿ ಮುಗಿದ ಕೂಡಲೇ ಎಲೆ ಹಾಕಿಸಿ, ಹೊರಡುವಾಗ ತಾಂಬೂಲ ಕೊಡಿ. ಮಂಗಳಕಾರ್ಯದಲ್ಲಿ ಕೆಲಸ ಮಾಡಿದವರು ಹಸಿದು ಹೋಗಬಾರದು.

ಈಗ ರೂಮಿನ ಮಾತು. ಧಾರೆಯ ಹೊತ್ತಿನಲ್ಲಿ ನಾನು ಹೇಗೂ ರೂಮಿನಲ್ಲಿರುತ್ತೇನೆ ಅಂತ ಬರೆದಿದ್ದೀರಿ. ಹಾಗೆ ಇರಿ ಅಂತ ಯಾರು ಹೇಳಿದರೋ ಗೊತ್ತಿಲ್ಲ, ಬಹುಶಃ ಯಾರೂ ಹೇಳಿರಲಿಕ್ಕಿಲ್ಲ, ನೀವೇ ಅಂದುಕೊಂಡಿದ್ದೀರಿ. ತಾಯಿ, ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಕನ್ಯೆಯನ್ನು ಕೊಡಲು ಯಾರು ಯಾರಿಗೆ ಅಧಿಕಾರ ಅಂತ ಪಟ್ಟಿ ಇದೆ. ತಂದೆ, ತಂದೆಯ ತಂದೆ, ಸೋದರ, ಕುಲದವರು, ತಾಯಿ. ಆ ಸಾಲಿನಲ್ಲಿ ತಾಯಿಯ ಹೆಸರಿದೆ, ಗಂಡ ಇರಬೇಕು ಅಂತ ಷರತ್ತು ಅಲ್ಲಿಲ್ಲ. ಮದುವೆಗೆ ಮುಂಚೆ ಮಾಡುವ ನಾಂದಿಯಲ್ಲೂ ಮೊದಲು ಕರೆಯುವುದು ತಾಯಂದಿರ ಸಾಲನ್ನು, ಆಮೇಲೆ ತಂದೆಯರನ್ನು. ಗತಿಸಿದ ತಾಯಂದಿರನ್ನು ಮೊದಲು ಕರೆದು ಕೂರಿಸುವ ಶಾಸ್ತ್ರ, ಬದುಕಿರುವ ಹೆತ್ತ ತಾಯಿಯನ್ನು ಬಾಗಿಲ ಹಿಂದೆ ಇಡು ಅನ್ನುತ್ತದೆಯೇ?

ಆರತಿ ಎತ್ತುವುದು ಮುತ್ತೈದೆಯರು ಅನ್ನೋ ಪದ್ಧತಿ ನಿಮ್ಮಲ್ಲಿದ್ದರೆ ಅದು ಹಾಗೇ ನಡೆಯಲಿ, ಅದರ ಮೇಲೆ ಜಗಳ ಬೇಡ. ಅಣ್ಣ ಅತ್ತಿಗೆ ಧಾರೆಗೆ ಕೂರುವುದೂ ಸರಿಯೇ. ಆದರೆ ಅವರ ಪಕ್ಕದಲ್ಲಿ ನೀವಿರಬೇಕು. ಧಾರೆ ಎರೆಯುವಾಗ ಅಣ್ಣನ ಕೈಯ ಜೊತೆ ನಿಮ್ಮ ಕೈಯೂ ತಂಬಿಗೆ ಹಿಡಿಯಲಿ. ಅಕ್ಷತೆ ಹಾಕಲು, ಹರಸಲು, ಹಾಲು ಎರೆಯಲು ನಿಮಗೆ ಯಾವ ತಡೆಯೂ ಇಲ್ಲ. ಅಪಶಕುನ ಅನ್ನುವ ಮಾತು ಯಾರ ಬಾಯಿಂದಲಾದರೂ ಬಂದರೆ, ಆ ಹುಡುಗಿಯನ್ನು ನಾಲ್ಕು ವರ್ಷ ಒಬ್ಬಳೇ ಸಾಕಿ ಹಸೆಮಣೆಯವರೆಗೆ ತಂದವಳು ಅಪಶಕುನ ಆಗುವುದು ಹೇಗೆ ಅಂತ ನಿಮ್ಮಣ್ಣನೇ ಕೇಳಲಿ. ನೀವು ಬಾಯಿ ಬಿಡಬೇಕಾಗಿಲ್ಲ. ಬೀಗರ ಜೊತೆ ಈ ಮಾತನ್ನು ಮದುವೆ ದಿನಕ್ಕೆ ಇಟ್ಟುಕೊಳ್ಳಬೇಡಿ. ಸೀರೆ, ಬಟ್ಟೆ ತರಲು ಹೋಗುವ ದಿನವೋ, ಪತ್ರಿಕೆ ಕೊಡಲು ಕನಕಪುರದ ಕಡೆ ಹೋಗುವ ದಿನವೋ ಅಣ್ಣ ಅವರ ಮನೆಯ ಹಿರಿಯರಿಗೆ ನಿಧಾನವಾಗಿ ಹೇಳಿಬಿಡಲಿ. ಹೀಗೆ ಮೊದಲೇ ಹೇಳಿದ ಮನೆಗಳಲ್ಲಿ, ನನಗೆ ತಿಳಿದ ಮಟ್ಟಿಗೆ, ಬೇಡ ಅಂದವರು ಕಡಿಮೆ. ಪುರೋಹಿತರಿಗೂ ತಿಳಿಸಿರಲಿ, ಸಂಕಲ್ಪದ ಹೊತ್ತಿನಲ್ಲಿ ತಡವರಿಸುವುದು ತಪ್ಪುತ್ತದೆ.

ಮಗಳಿಗೂ ಇದನ್ನು ಓದಿ ಹೇಳಿ. ಮೂರು ದಿನ ಬೇಕು ಅಂತ ಹಟ ಹಿಡಿದವಳು ಧಾರೆಯ ಫೋಟೊದಲ್ಲಿ ಅಮ್ಮ ಎಲ್ಲಿ ಅಂತ ಯೋಚಿಸಿದ್ದಾಳೋ ಇಲ್ಲವೋ ನನಗೆ ತಿಳಿಯದು, ಈಗ ಯೋಚಿಸುತ್ತಾಳೆ. ಮುಂಗಡ ಕೊಡುವಾಗ ಫೋಟೊದವರು ವೇದಿಕೆಯ ಮೇಲೆ ಯಾರು ಯಾರಿರುತ್ತಾರೆ ಅಂತ ಪಟ್ಟಿ ಕೇಳುತ್ತಾರೆ. ಹೆಣ್ಣಿನ ತಾಯಿ ಅಂತ ಅದರಲ್ಲಿ ಬರೆಸಿ. ಹಿಂದಿನ ದಿನ ಮನೆಗೆ ಬರುವ ಹೊತ್ತು, ಬೆಳಿಗ್ಗೆ ಆರು ಗಂಟೆ, ಮಧ್ಯಾಹ್ನ ಎರಡು ಗಂಟೆ, ಇವನ್ನೂ ಅದೇ ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.